ದೋಣಿಯ ಒಡಲು ಉಜ್ಜುವ ವಿದ್ಯುತ್ ಯಂತ್ರಗಳು: ಭೀಮಾ ತೀರದಿಂದ ಕರಾವಳಿಯವರೆಗೆ

ದೋಣಿಯ ಒಡಲು ಎಂದರೆ ನೀರನ್ನು ಒಳಬಿಡದೆ ದೋಣಿಯನ್ನು ತೇಲಿಸುವ ಅದರ ಹೊರಮೈ. ಅದು ಮರದ ಹಲಗೆಯದಾಗಿರಬಹುದು, ಉಕ್ಕಿನ ತಗಡಿನದಾಗಿರಬಹುದು, ಅಥವಾ ರೂಢಿಯಲ್ಲಿ ಫೈಬರ್ ಎಂದಷ್ಟೇ ಕರೆಯಲಾಗುವ, ಗಾಜಿನ ನಾರಿನ ಹಾಸನ್ನು ರೆಸಿನ್ನಿನಲ್ಲಿ ನೆನೆಸಿ ಗಟ್ಟಿಗೊಳಿಸಿದ ಮಿಶ್ರವಸ್ತುವಿನದಾಗಿರಬಹುದು. ಯಾವುದಾದರೂ ಸರಿ, ಸಡಿಲಗೊಂಡ ಹಳೆಯ ಬಣ್ಣ, ಒಣಗಿದ ಪಾಚಿ, ಚಿಪ್ಪು, ತುಕ್ಕುಗಳನ್ನು ತೆಗೆದು, ಹೊಸ ಬಣ್ಣವೋ ಹೊಸ ಪದರವೋ ಹಿಡಿದುಕೊಳ್ಳುವಂತೆ ಮೈಯನ್ನು ಸಮವಾಗಿ ಒರಟು ಮಾಡುವ ಕೆಲಸ ಕಾಲಕಾಲಕ್ಕೆ ನಡೆಯಬೇಕಾಗುತ್ತದೆ. ಈ ಕೆಲಸಕ್ಕೆ ಬಳಕೆಯಾಗುವ, ಕೈಯಲ್ಲಿ ಹಿಡಿದು ನಡೆಸುವ ಯಂತ್ರಗಳಲ್ಲಿ ಕೋನ ಗ್ರೈಂಡರ್, ಪಾಲಿಶರ್, ಬೆಲ್ಟ್ ಸ್ಯಾಂಡರ್, ಹಾಳೆ ಸ್ಯಾಂಡರ್, ರ್‍ಯಾಂಡಮ್ ಆರ್ಬಿಟಲ್ ಸ್ಯಾಂಡರ್ ಮುಖ್ಯವಾದವು. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಯಂತ್ರದ ಬಲಕ್ಕಿಂತ ಹೆಚ್ಚಾಗಿ ಒಡಲಿನ ಹೊರಪದರ ಎಷ್ಟು ದಪ್ಪವಿದೆ, ಅದರ ಬಾಗು ಎಂಥದು, ಕೆಲಸದ ಜಾಗದಲ್ಲಿ ವಿದ್ಯುತ್ತು ಹೇಗೆ ದೊರೆಯುತ್ತದೆ ಎಂಬ ಮೂರು ಸಂಗತಿಗಳಿಂದ ತೀರ್ಮಾನವಾಗುತ್ತದೆ. ಆದರೆ ಪೇಟೆಯಲ್ಲಿ ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ವ್ಯಾಟ್ ಎಷ್ಟು ಎಂಬ ಒಂದೇ ಪ್ರಶ್ನೆಯನ್ನು.

ಭೀಮೆಯ ದೋಣಿ, ಕಡಲಿನ ದೋಣಿ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಗಾಣಗಾಪುರ, ನರಸಿಂಹ ಸರಸ್ವತಿಯವರ ನೆಲೆಯಾಗಿ ದತ್ತ ಸಂಪ್ರದಾಯದ ಕ್ಷೇತ್ರವೆಂದು ಹೆಸರಾಗಿರುವಂತೆಯೇ ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಊರೂ ಹೌದು. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ ಸುಮಾರು 860 ಕಿ.ಮೀ. ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುವ ಭೀಮೆಗೆ ಈ ಭಾಗದಲ್ಲಿ ಸೊನ್ನ, ಗಾಣಗಾಪುರ ಮೊದಲಾದೆಡೆ ಬ್ಯಾರೇಜುಗಳಿದ್ದು, ಅವುಗಳ ಹಿನ್ನೀರಿನಲ್ಲಿ ಮೀನುಗಾರಿಕೆ ನಡೆಯುತ್ತದೆ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಊರುಗಳಲ್ಲಿ ದೋಣಿ ನಡೆಸುವುದೂ ಮೀನು ಹಿಡಿಯುವುದೂ ಕೋಲಿ, ಕಬ್ಬಲಿಗ, ಅಂಬಿಗ ಸಮುದಾಯಗಳ ಪರಂಪರೆಯ ಕಸುಬು. ಒಳನಾಡು ಕರ್ನಾಟಕದ ನದಿಗಳ ಹಳೆಯ ವಾಹನ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯನ್ನು ದಾಟಿಸುತ್ತಿದ್ದ, ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ಬುಟ್ಟಿಯಾಕಾರದ ದೋಣಿಗಳನ್ನು ವರ್ಣಿಸಿದ್ದಾನೆ. ಚರ್ಮದ ಹರಿಗೋಲಿಗೆ ಉಜ್ಜುವ ಮಾತೇ ಇರಲಿಲ್ಲ. ಹೊದಿಕೆ ಹಳತಾದರೆ ಅದನ್ನು ಬದಲಿಸುತ್ತಿದ್ದರು, ಸಂದುಗಳಿಗೆ ಡಾಂಬರು ಬಳಿಯುವುದು ಆಮೇಲೆ ಬಂದ ರೂಢಿ. ಈಚಿನ ದಶಕಗಳಲ್ಲಿ ಮೀನುಗಾರಿಕೆ ಇಲಾಖೆಯ ಯೋಜನೆಗಳ ಮೂಲಕ ಫೈಬರ್ ಹರಿಗೋಲುಗಳು ಒಳನಾಡಿನ ಮೀನುಗಾರರ ಕೈಸೇರಿದ ಮೇಲೆ, ಉಜ್ಜಿ ತೇಪೆ ಹಾಕಬೇಕಾದ ಗಟ್ಟಿ ಮೈ ಮೊದಲ ಬಾರಿಗೆ ನದಿದಂಡೆಗೆ ಬಂದಿತು.

ಸಿಹಿನೀರಿನ ದೋಣಿಗೂ ಕಡಲ ದೋಣಿಗೂ ದುರಸ್ತಿಯ ಕಾರಣಗಳೇ ಬೇರೆ. ಕಡಲಿನಲ್ಲಿ ಬಾರ್ನಕಲ್ ಎಂಬ ಚಿಪ್ಪುಜೀವಿ ಒಡಲಿಗೆ ಅಂಟಿಕೊಂಡು ವೇಗವನ್ನು ತಗ್ಗಿಸಿ ಇಂಧನವನ್ನು ತಿನ್ನುತ್ತದೆ. ಹಡಗುಹುಳು ಮರವನ್ನೇ ಕೊರೆಯುತ್ತದೆ. ಅವುಗಳನ್ನು ತಡೆಯಲೆಂದು ತಳಕ್ಕೆ ತಾಮ್ರದ ಆಕ್ಸೈಡ್ ಬೆರೆತ ವಿಷಬಣ್ಣವನ್ನು ಬಳಿಯುತ್ತಾರೆ. ಭೀಮೆಯಲ್ಲಿ ಈ ಜೀವಿಗಳಿಲ್ಲ, ಆದ್ದರಿಂದ ವಿಷಬಣ್ಣವೂ ಬೇಕಿಲ್ಲ. ಅಲ್ಲಿ ಒಡಲು ಕೆಡುವುದು ಬಂಡೆ ಮತ್ತು ಮರಳಿನ ಮೇಲೆ ಎಳೆದಾಡಿದ್ದರಿಂದ, ಬೇಸಿಗೆಯಲ್ಲಿ ನೀರು ಇಳಿದಾಗ ತಿಂಗಳುಗಟ್ಟಲೆ ಬಿಸಿಲಿನಲ್ಲಿ ಮಲಗಿದ್ದರಿಂದ, ಮತ್ತು ಪ್ರವಾಹದ ಕಾಲದಲ್ಲಿ ಮರದ ದಿಮ್ಮಿ ಬಡಿದಿದ್ದರಿಂದ. ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಟ್ಟಾಗಲೆಲ್ಲ ಈ ಭಾಗ ಮುಳುಗುತ್ತದೆ. 2020ರ ಅಕ್ಟೋಬರಿನ ಪ್ರವಾಹದಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಂದ ಜನರನ್ನು ದೋಣಿಗಳ ಮೇಲೆ ಹೊರತರಬೇಕಾಯಿತು. ರಕ್ಷಣಾ ತಂಡಗಳು ತರುವ ಗಾಳಿ ತುಂಬುವ ರಬ್ಬರ್ ದೋಣಿಗಳಿಗೆ ಮಾತ್ರ ಈ ಲೇಖನದ ಯಾವ ಯಂತ್ರವನ್ನೂ ತಾಕಿಸಬಾರದು. ತೇಪೆ ಹಚ್ಚುವಷ್ಟು ಜಾಗವನ್ನು ಕೈಯಿಂದ ಒರಟು ಮಾಡಿದರೆ ಸಾಕು.

ದುರಸ್ತಿಯ ಋತುವೂ ಎರಡು ಕಡೆ ತಲೆಕೆಳಗು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಕಾರವಾರಗಳ ಬೋಟುಗಳ ಬಹುಪಾಲು ದುರಸ್ತಿ ಈ ಬಿಡುವಿನಲ್ಲಿ, ಅಂದರೆ ವರ್ಷದ ಅತ್ಯಂತ ತೇವದ ದಿನಗಳಲ್ಲಿ, ತಗಡಿನ ಇಲ್ಲವೆ ಟಾರ್ಪಾಲಿನ ಮಾಡಿನಡಿ ನಡೆಯಬೇಕಾಗುತ್ತದೆ. ಗಾಣಗಾಪುರದ ಸೀಮೆಯಲ್ಲಿ ದೋಣಿ ದಡಕ್ಕೆ ಬರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಆಗ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಗಾಳಿ ಒಣಗಿರುತ್ತದೆ. ಒಣ ಉಜ್ಜುವಿಕೆಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ, ಆದರೆ ಬಿಸಿಯೇರಿದ ಮೈಯಲ್ಲಿ ರೆಸಿನ್ ಬೇಗ ಗಟ್ಟಿಯಾಗಿ ಕೈಗೆ ಸಿಗದೆ ಹೋಗುತ್ತದೆ, ಹಳೆಯ ಬಣ್ಣ ಮೆತ್ತಗಾಗಿ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಬೆಳಗಿನ ಹೊತ್ತು ಇಲ್ಲವೆ ಮರದ ನೆರಳನ್ನು ನೋಡಿಕೊಳ್ಳುವುದು ಅಲ್ಲಿ ಯಂತ್ರದ ಆಯ್ಕೆಯಷ್ಟೇ ಮುಖ್ಯ.

ಕೈಯಿಂದ ಯಂತ್ರಕ್ಕೆ

ಮರದ ದೋಣಿ ಕಟ್ಟುವ ಬಡಗಿಯ ಹತ್ಯಾರಗಳಲ್ಲಿ ಉಜ್ಜುವ ಸಾಧನಕ್ಕಿಂತ ಕೆತ್ತುವ, ಹೆರೆಯುವ ಸಾಧನಗಳೇ ಹೆಚ್ಚು. ಬಾಚಿಯಿಂದ ಕೆತ್ತಿ, ಕೀಸುಳಿಯಿಂದ ಹೆರೆದು, ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಕಟ್ಟುತ್ತಿದ್ದ ಕರಾವಳಿಯ ದೋಣಿಗಳ ಮೈಗೆ ಮೀನೆಣ್ಣೆ ಮತ್ತು ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಕುಡಿಸುತ್ತಿದ್ದರು. ಹೆಬ್ಬಲಸು, ಮಾವು, ಸಾಗವಾನಿಗಳಂಥ ಮರಗಳ ಆ ಒಡಲುಗಳಿಗೆ ಕನ್ನಡಿಯ ನಯ ಬೇಕಿರಲಿಲ್ಲ. ಜಗತ್ತಿನ ಹಲವು ಕಡಲತೀರಗಳಲ್ಲಿ ಒಣಗಿಸಿದ ಶಾರ್ಕ್ ಚರ್ಮವೇ ಮರಳುಕಾಗದದ ಕೆಲಸ ಮಾಡುತ್ತಿತ್ತು. ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲನ್ನು ಜರ್ಮನಿಯ ಫೈನ್ ಸಂಸ್ಥೆ 1895ರಲ್ಲಿ ತಯಾರಿಸಿದ ಮೇಲೆ ಇತರ ಕೈಯಂತ್ರಗಳಿಗೆ ದಾರಿಯಾಯಿತು. ಕೋನ ಗ್ರೈಂಡರ್ 1954ರಲ್ಲಿ ಅದೇ ದೇಶದಲ್ಲಿ ಮಾರುಕಟ್ಟೆಗೆ ಬಂದಿತು. ಕರ್ನಾಟಕದ ಕರಾವಳಿಯಲ್ಲಿ 1970ರ ದಶಕದ ನಡುವಿನಲ್ಲಿ ಮೀನಿನ ಹಿಂಡನ್ನು ಸುತ್ತುವರಿಯುವ ಪರ್ಸೀನ್ ಬಲೆಗಳು ಬಂದು ದಡದಿಂದ ಎಳೆಯುವ ರಂಪಣಿ ಬಲೆ ಹಿಂದೆ ಸರಿದಾಗ ಬೋಟುಗಳು ದೊಡ್ಡವಾದವು, ಆಮೇಲೆ ಫೈಬರ್ ಮತ್ತು ಉಕ್ಕಿನ ಒಡಲುಗಳು ಹೆಚ್ಚಿದವು. ಒಂದು ಬಿಡುವಿನೊಳಗೆ ಕೈಯಿಂದ ಉಜ್ಜಿ ಮುಗಿಸಲಾಗದಷ್ಟು ಮೈ ಆಗಲೇ ಯಂತ್ರವನ್ನು ಬೇಡಿತು.

ಗ್ರೈಂಡರ್: ಎಲ್ಲ ಕೆಲಸಕ್ಕೂ ಬಳಕೆಯಾಗಿ ಬಹಳಷ್ಟನ್ನು ಕೆಡಿಸುವ ಯಂತ್ರ

ಊರಿನ ಯಾವ ವೆಲ್ಡಿಂಗ್ ಅಂಗಡಿಯಲ್ಲೂ ಕಾಣಸಿಗುವ, ನಾಲ್ಕಿಂಚಿನ ಗ್ರೈಂಡರ್ ಎಂದು ಕರೆಯಲಾಗುವ ಯಂತ್ರದ ಚಕ್ರದ ವ್ಯಾಸ 100 ಮಿ.ಮೀ., ವೇಗ ನಿಮಿಷಕ್ಕೆ ಸುಮಾರು 11,000 ಸುತ್ತು. ಲೆಕ್ಕ ಹಾಕಿದರೆ ಚಕ್ರದ ಅಂಚು ಸೆಕೆಂಡಿಗೆ ಹೆಚ್ಚುಕಡಿಮೆ 58 ಮೀಟರ್ ಓಡುತ್ತದೆ. 180 ಮಿ.ಮೀ. ಚಕ್ರದ ದೊಡ್ಡ ಗ್ರೈಂಡರಿನಲ್ಲಿ ವೇಗ 8,500 ಸುತ್ತಿನಷ್ಟಿದ್ದರೂ ಅಂಚಿನ ಓಟ ಸೆಕೆಂಡಿಗೆ 80 ಮೀಟರಿಗೆ ಮುಟ್ಟುತ್ತದೆ. ಇದಕ್ಕೆ ಎದುರಾಗಿ, 5 ಮಿ.ಮೀ. ಕಕ್ಷೆಯಲ್ಲಿ ನಿಮಿಷಕ್ಕೆ 10,000 ಬಾರಿ ತಿರುಗುವ ರ್‍ಯಾಂಡಮ್ ಆರ್ಬಿಟಲ್ ಸ್ಯಾಂಡರಿನಲ್ಲಿ ಕಾಗದದ ಕಾಳು ಮೈಯ ಮೇಲೆ ಓಡುವ ವೇಗ ಸೆಕೆಂಡಿಗೆ ಎರಡೂವರೆ ಮೀಟರಿನ ಆಸುಪಾಸಿನದು. ಇಪ್ಪತ್ತು ಪಟ್ಟಿಗೂ ಮೀರಿದ ಈ ವ್ಯತ್ಯಾಸದಲ್ಲಿಯೇ ಎರಡು ಯಂತ್ರಗಳ ಗುಣವೆಲ್ಲ ಅಡಗಿದೆ.

ಫೈಬರ್ ಒಡಲಿನ ಅತಿ ಹೊರಗಿನ, ಬಣ್ಣ ಬೆರೆತ ಹೊಳಪಿನ ಪದರಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ಒಳಗಿನ ನಾರಿನ ಪದರಕ್ಕೆ ನೀರು ಹೀರದಂತೆ ಕಾಯುವುದು ಅದರ ಕೆಲಸ. ಅದರ ದಪ್ಪ ಸಾಮಾನ್ಯವಾಗಿ 0.4ರಿಂದ 0.6 ಮಿ.ಮೀ. ಮಾತ್ರ. ವೇಗ ತಗ್ಗಿಸಲಾಗದ ಗ್ರೈಂಡರಿಗೆ ಒರಟು ಫ್ಲಾಪ್ ಡಿಸ್ಕ್ ಸಿಕ್ಕಿಸಿ ಇಂಥ ಮೈಯ ಮೇಲೆ ಒಂದು ಕ್ಷಣ ತಡೆದು ನಿಂತರೂ ಜೆಲ್‌ಕೋಟ್ ಹರಿದು ನಾರು ಕಾಣುತ್ತದೆ. ಅಂಚು ತಗುಲಿದಲ್ಲೆಲ್ಲ ಅರ್ಧಚಂದ್ರದಂಥ ಗೀರುಗಳು ಉಳಿಯುತ್ತವೆ. ಬಣ್ಣ ಹಚ್ಚುವವರೆಗೆ ಅವು ಕಣ್ಣಿಗೆ ಬೀಳುವುದಿಲ್ಲ, ಹೊಳಪಿನ ಬಣ್ಣ ಹಚ್ಚಿದ ಮೇಲೆ ಎದ್ದು ಕಾಣುತ್ತವೆ. ಮೇಲಾಗಿ ಘರ್ಷಣೆಯ ಬಿಸಿ ಒಂದೇ ಕಡೆ ಕೂಡಿದರೆ ಸಾಮಾನ್ಯ ದರ್ಜೆಯ ಪಾಲಿಯೆಸ್ಟರ್ ರೆಸಿನ್ ಮೆತ್ತಗಾಗುತ್ತದೆ. ಕೆಲಸ ಬೇಗ ಮುಗಿಯಿತೆಂಬ ಸಮಾಧಾನಕ್ಕೆ ಪ್ರತಿಯಾಗಿ ಆಮೇಲೆ ಪುಟ್ಟಿ ತುಂಬಿ ಮತ್ತೆ ಉಜ್ಜುವ ಕೂಲಿಯನ್ನು ತೆರಬೇಕಾಗುತ್ತದೆ.

ಹಾಗೆಂದು ಗ್ರೈಂಡರನ್ನು ದೋಣಿಯ ಹತ್ತಿರ ತರಲೇಬಾರದು ಎಂದಲ್ಲ. ಒಡೆದ ಫೈಬರ್ ಒಡಲಿಗೆ ಹೊಸ ಪದರ ಕಟ್ಟುವಾಗ, ತೂತಿನ ಸುತ್ತ ಹಳೆಯ ಪದರವನ್ನು ಇಳಿಜಾರಾಗಿ ಸವೆಸಬೇಕು. ದಪ್ಪದ ಹನ್ನೆರಡು ಪಟ್ಟು ಅಗಲದ ಇಳಿಜಾರು ಒಪ್ಪಿತ ಪದ್ಧತಿ, 4 ಮಿ.ಮೀ. ದಪ್ಪದ ಹರಿಗೋಲಿಗೆ ತೂತಿನ ಸುತ್ತ ಸುಮಾರು 5 ಸೆಂ.ಮೀ. ಆಗುತ್ತದೆ. ಗಟ್ಟಿ ನಾರನ್ನು ಹೀಗೆ ಸವೆಸಲು ಒರಟು ಕಾಳಿನ, ಪಿ36 ಅಥವಾ ಪಿ40 ಸಂಖ್ಯೆಯ ಡಿಸ್ಕ್ ಹಾಕಿದ ಗ್ರೈಂಡರಿಗೆ ಸಾಟಿಯಿಲ್ಲ. ವೇಗ ಹೊಂದಿಸಬಲ್ಲ ಗ್ರೈಂಡರ್ ಸಿಕ್ಕರೆ ಅದನ್ನೇ ಕೊಳ್ಳುವುದು ಮೇಲು. ನಿಮಿಷಕ್ಕೆ 600ರಿಂದ 3,000 ಸುತ್ತಿನವರೆಗೆ ವೇಗ ಹೊಂದಿಸಬಹುದಾದ, ಕಾರಿನ ಮೈಗೆ ಹೊಳಪು ಕೊಡಲು ಬಳಸುವ 180 ಮಿ.ಮೀ. ಪಾಲಿಶರಿಗೆ ಮೆತ್ತನೆಯ ಪ್ಯಾಡನ್ನೂ ಮರಳುಕಾಗದವನ್ನೂ ಹಾಕಿದರೆ, ದೊಡ್ಡ ಬೋಟಿನ ವಿಶಾಲವಾದ ಬಾಗಿನ ಮೈಯಲ್ಲಿ ಪುಟ್ಟಿಯನ್ನು ಒರಟಾಗಿ ಮಟ್ಟ ಮಾಡಲು ಅದು ಗ್ರೈಂಡರಿಗಿಂತ ಎಷ್ಟೋ ಸುರಕ್ಷಿತ. ಆದರೆ ಇದು ಪಳಗಿದ ಕೈಗೆ ಮಾತ್ರ ಒಗ್ಗುವ ಯಂತ್ರ.

ರ್‍ಯಾಂಡಮ್ ಆರ್ಬಿಟಲ್ ಸ್ಯಾಂಡರ್

ಇದರ ವೃತ್ತಾಕಾರದ ಪ್ಯಾಡ್ ಏಕಕಾಲಕ್ಕೆ ಎರಡು ಬಗೆಯಲ್ಲಿ ಚಲಿಸುತ್ತದೆ: ಮೋಟರಿನ ಅಚ್ಚಿಗಿಂತ ತುಸು ಪಕ್ಕಕ್ಕೆ ಕೂರಿಸಿರುವುದರಿಂದ ಸಣ್ಣ ಕಕ್ಷೆಯಲ್ಲಿ ಅತಿ ವೇಗವಾಗಿ ಸುತ್ತುತ್ತದೆ, ಜೊತೆಗೆ ಬೇರಿಂಗಿನ ಮೇಲೆ ಸ್ವತಂತ್ರವಾಗಿರುವುದರಿಂದ ನಿಧಾನವಾಗಿ ತನ್ನ ಸುತ್ತಲೂ ತಿರುಗುತ್ತದೆ. ಹೀಗಾಗಿ ಯಾವ ಕಾಳೂ ತಾನು ಹೋದ ದಾರಿಯಲ್ಲೇ ಮತ್ತೆ ಹೋಗುವುದಿಲ್ಲ, ಗೀರುಗಳು ಸಾಲಾಗಿ ಕೂಡುವುದಿಲ್ಲ, ಮರದಲ್ಲಿ ಎಳೆಯ ದಿಕ್ಕನ್ನು ಅಷ್ಟಾಗಿ ನೋಡಬೇಕಾಗಿಯೂ ಇಲ್ಲ. ಯಂತ್ರವನ್ನು ಒತ್ತಿದರೆ ತಿರುಗಾಟ ನಿಂತು ಬರೀ ನಡುಕ ಉಳಿಯುತ್ತದೆ. ಹೊಸಬರು ಮಾಡುವ ಮುಖ್ಯ ತಪ್ಪು ಇದು. ಯಂತ್ರದ ತೂಕಕ್ಕಿಂತ ತುಸುವೇ ಹೆಚ್ಚಿನ ಒತ್ತಡ ಸಾಕು. ಪ್ಯಾಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದುಕೊಂಡರೆ, ಕೆಲಸ ನಡೆಯುವಾಗ ಆ ಗೆರೆ ತಿರುಗುತ್ತಿದೆಯೋ ಇಲ್ಲವೋ ಎಂಬುದರಿಂದ ಒತ್ತಡದ ಹದ ಗೊತ್ತಾಗುತ್ತದೆ.

ಪ್ಯಾಡಿನ ವ್ಯಾಸ 125 ಅಥವಾ 150 ಮಿ.ಮೀ. ಇರುತ್ತದೆ. ಅಳತೆಯ ವ್ಯತ್ಯಾಸ ಸಣ್ಣದೆಂದು ತೋರಿದರೂ ಎರಡನೆಯದರ ಕ್ಷೇತ್ರಫಲ ಮೊದಲಿನದಕ್ಕಿಂತ ಶೇ 44ರಷ್ಟು ಹೆಚ್ಚು. ಕಕ್ಷೆಯ ಅಳತೆ ಇದಕ್ಕಿಂತಲೂ ಮುಖ್ಯವಾದರೂ ಅಂಗಡಿಯಲ್ಲಿ ಯಾರೂ ಅದನ್ನು ಹೇಳುವುದಿಲ್ಲ, ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರದಲ್ಲಿ ಹುಡುಕಬೇಕು. 2.5ರಿಂದ 3 ಮಿ.ಮೀ. ಕಕ್ಷೆಯ ಯಂತ್ರ ಕೊನೆಯ ನಯಗೆಲಸಕ್ಕೆ, 5 ಮಿ.ಮೀ. ಅಥವಾ ಅದಕ್ಕೂ ಹೆಚ್ಚಿನದು ಹಳೆಯ ಬಣ್ಣ ತೆಗೆಯುವ ಕೆಲಸಕ್ಕೆ. ಒಂದೇ ಯಂತ್ರ ಕೊಳ್ಳುವುದಾದರೆ ದೋಣಿಯ ಕೆಲಸಕ್ಕೆ 5 ಮಿ.ಮೀ. ಕಕ್ಷೆಯದೇ ಸರಿ, ಏಕೆಂದರೆ ದೋಣಿಯ ತಳಕ್ಕೆ ಪೀಠೋಪಕರಣದ ನಯ ಯಾರಿಗೂ ಬೇಕಿಲ್ಲ. ಪ್ಯಾಡಿಗೆ ಬಲದ ಗೇರನ್ನು ಕೂಡಿಸಿ ಬೇಕೆಂದಾಗ ಕಡ್ಡಾಯವಾಗಿ ತಿರುಗಿಸುವ ಇಬ್ಬಗೆಯ ಯಂತ್ರಗಳೂ ಇವೆ. ಗ್ರೈಂಡರ್ ಮತ್ತು ಸ್ಯಾಂಡರುಗಳ ನಡುವಿನ ಕೆಲಸವನ್ನು ಅವು ಮಾಡುತ್ತವೆ, ಆದರೆ ಬೆಲೆ ಹಲವು ಪಟ್ಟು.

ಹರಿಗೋಲಿನಂಥ ಗುಂಡನೆಯ ಮೈಗೆ ಗಟ್ಟಿ ಪ್ಯಾಡು ಒಗ್ಗುವುದಿಲ್ಲ; ಅದು ಬಾಗಿನ ತುದಿಯನ್ನಷ್ಟೇ ಮುಟ್ಟಿ ಅಲ್ಲಿ ಚಪ್ಪಟೆ ಪಟ್ಟಿಗಳನ್ನು ಮೂಡಿಸುತ್ತದೆ. ಪ್ಯಾಡಿಗೂ ಕಾಗದಕ್ಕೂ ನಡುವೆ ಹಾಕುವ, ಸುಮಾರು ಸೆಂಟಿಮೀಟರ್ ದಪ್ಪದ ಸ್ಪಂಜಿನ ಮೆತ್ತೆ ಇದಕ್ಕೆ ಪರಿಹಾರ. ಅದರ ಬೆಲೆ ಅಲ್ಪ, ಪ್ರಯೋಜನ ದೊಡ್ಡದು. 2 ಮೀಟರ್ ವ್ಯಾಸ, 60 ಸೆಂ.ಮೀ. ಎತ್ತರದ ಹರಿಗೋಲಿನ ಹೊರಮೈ ಸ್ಥೂಲವಾಗಿ 7 ಚದರ ಮೀಟರ್. ಇಷ್ಟನ್ನು ಬಣ್ಣಕ್ಕೆ ಅಣಿಗೊಳಿಸಲು 150 ಮಿ.ಮೀ. ಸ್ಯಾಂಡರ್ ಧಾರಾಳವಾಗಿ ಸಾಕು.

ಉಳಿದವು

ಅಗಲವಾದ ಮರಳುಪಟ್ಟಿ ಎರಡು ಉರುಳೆಗಳ ಮೇಲೆ ಓಡುವ ಬೆಲ್ಟ್ ಸ್ಯಾಂಡರ್ ಸಮತಟ್ಟಾದ ಅಟ್ಟಕ್ಕೆ, ಹೊಸ ಹಲಗೆಗೆ, ಅಡಿಯ ನಡುಮರಕ್ಕೆ ಚೆನ್ನಾಗಿ ಒದಗುತ್ತದೆ. ಬಾಗಿದ ಒಡಲಿನಲ್ಲಿ ಅದು ತೋಡು ಕೊರೆಯುತ್ತದೆ. ತೂಕವೂ ಹೆಚ್ಚು, ಮಲಗಿ ಮೇಲಕ್ಕೆ ಹಿಡಿದು ಕೆಲಸ ಮಾಡುವುದು ಅಸಾಧ್ಯ. ಚೌಕ ಪ್ಯಾಡಿನ ಹಾಳೆ ಸ್ಯಾಂಡರ್ ಅಗ್ಗ, ಮೂಲೆಗಳಿಗೆ ತಲುಪುತ್ತದೆ, ಆದರೆ ನಿಧಾನ. ಗೋಡೆಯ ಪುಟ್ಟಿ ಉಜ್ಜಲು ಬಂದಿರುವ, ಉದ್ದ ಹಿಡಿಯ ತುದಿಯಲ್ಲಿ 225 ಮಿ.ಮೀ. ತಲೆಯುಳ್ಳ ಸ್ಯಾಂಡರನ್ನು ಬೋಟಿನ ತಳಕ್ಕೆ ತಿರುಗಿಸಿಕೊಳ್ಳುವುದು ಜಾಣತನದ ಬಳಕೆ. ಕೆಲಸಗಾರ ವಿಷಬಣ್ಣದ ಧೂಳಿನ ನೇರ ಕೆಳಗೆ ಮಲಗುವುದು ತಪ್ಪುತ್ತದೆ.

ಕೊನೆಯ ಮಟ್ಟಕ್ಕೆ ಯಾವ ಯಂತ್ರವೂ ಆಗಿಬರುವುದಿಲ್ಲ. ತೆಳು ಪ್ಲೈವುಡ್ಡಿನ 60ರಿಂದ 100 ಸೆಂ.ಮೀ. ಉದ್ದದ ಪಟ್ಟಿಗೆ ಮರಳುಕಾಗದ ಅಂಟಿಸಿ, ಎರಡೂ ತುದಿ ಹಿಡಿದು ಒಡಲಿನ ಉದ್ದಕ್ಕೆ ಓರೆಯಾಗಿ ಎಳೆಯುವ ಹಳೆಯ ಕ್ರಮವೇ ಉಬ್ಬುತಗ್ಗುಗಳನ್ನು ತೋರಿಸಿಕೊಡುತ್ತದೆ. ಪಟ್ಟಿ ಬಾಗಿಗೆ ತಕ್ಕಂತೆ ಬಳುಕುತ್ತದೆ, ಉಬ್ಬನ್ನು ಮಾತ್ರ ಸವೆಸುತ್ತದೆ, ತಗ್ಗನ್ನು ಮುಟ್ಟದೆ ಬಿಡುತ್ತದೆ. ಸಣ್ಣ ಪ್ಯಾಡಿನ ಯಂತ್ರವಾದರೋ ತಗ್ಗಿಗೂ ಇಳಿದು ಅದನ್ನು ಇನ್ನಷ್ಟು ಆಳ ಮಾಡುತ್ತದೆ.

ಕಾಗದ ಮತ್ತು ಅದರ ಸಂಖ್ಯೆ

ಯಂತ್ರಕ್ಕೆ ಸುರಿದ ಹಣ ಕಳಪೆ ಕಾಗದದಿಂದ ವ್ಯರ್ಥವಾಗುತ್ತದೆ. ಕಾಗದದ ಹಿಂದೆ ಅಚ್ಚಾಗಿರುವ ಪಿ ಅಕ್ಷರದ ಮುಂದಿನ ಸಂಖ್ಯೆ ಹೆಚ್ಚಿದಂತೆ ಕಾಳು ಸಣ್ಣದಾಗುತ್ತದೆ: ಪಿ40ರಲ್ಲಿ ಕಾಳಿನ ಸರಾಸರಿ ಗಾತ್ರ 425 ಮೈಕ್ರಾನ್, ಅಂದರೆ ಜೆಲ್‌ಕೋಟಿನ ದಪ್ಪದಷ್ಟೇ, ಪಿ80ರಲ್ಲಿ 201, ಪಿ120ರಲ್ಲಿ 125, ಪಿ240ರಲ್ಲಿ 58.5 ಮೈಕ್ರಾನ್. ಜೆಲ್‌ಕೋಟ್ ಉಳಿಯಬೇಕಾದ ಕಡೆ ಪಿ40ನ್ನು ಏಕೆ ಹಾಕಬಾರದು ಎಂಬುದಕ್ಕೆ ಈ ಒಂದು ಹೋಲಿಕೆ ಸಾಕು. ಹಳೆಯ ಬಣ್ಣ ತೆಗೆಯಲು ಪಿ60 ಅಥವಾ ಪಿ80, ಎಪಾಕ್ಸಿ ಇಲ್ಲವೆ ತಳದ ಬಣ್ಣ ಹಿಡಿಯಲು ಪಿ80ರಿಂದ ಪಿ120, ನೀರಿನ ಮೇಲಿನ ಹೊಳಪು ಬಣ್ಣಕ್ಕೆ ಪಿ220ರಿಂದ ಪಿ320 ಎಂಬುದು ಸಾಮಾನ್ಯ ಕ್ರಮ. ಇದಕ್ಕಿಂತ ನಯ ಮಾಡಿದರೆ ಬಣ್ಣಕ್ಕೆ ಹಿಡಿತ ಸಿಗದೆ ಸಿಪ್ಪೆಯೇಳುತ್ತದೆ.

ಉಜ್ಜುವ ಮೊದಲು ತೊಳೆಯಬೇಕೆಂಬ ನಿಯಮವನ್ನು ಎಲ್ಲರೂ ಮರೆಯುತ್ತಾರೆ. ಅಚ್ಚಿನಿಂದ ಹೊರಬಂದ ಹೊಸ ಫೈಬರ್ ದೋಣಿಯ ಮೈಯಲ್ಲಿ ಮೇಣ ಉಳಿದಿರುತ್ತದೆ; ಗಟ್ಟಿಯಾದ ಎಪಾಕ್ಸಿಯ ಮೇಲೆ, ಅದರಲ್ಲೂ ಮಳೆಗಾಲದ ತೇವದಲ್ಲಿ, ಜಿಡ್ಡಿನಂಥ ತೆಳು ಪೊರೆ ಏಳುತ್ತದೆ. ಮೇಣವನ್ನು ದ್ರಾವಕದಿಂದ, ಪೊರೆಯನ್ನು ನೀರಿನಿಂದ ತೆಗೆಯದೆ ಯಂತ್ರ ಇಟ್ಟರೆ ಎರಡೂ ಗೀರುಗಳ ಆಳಕ್ಕೆ ತುಂಬಿಕೊಂಡು ಮುಂದಿನ ಪದರವನ್ನು ಹಿಡಿಯಗೊಡುವುದಿಲ್ಲ. ಎಣ್ಣೆ ಕುಡಿದ ಹಳೆಯ ಮರದ ದೋಣಿಯಲ್ಲಿಯೂ ಯಂತ್ರ ಎರಡನೆಯ ಹಂತ: ಮೊದಲು ಹೆರೆಯುವ ಪಟ್ಟಿಯಿಂದ ಎಣ್ಣೆಯ ಗಟ್ಟಿ ಪದರವನ್ನು ತೆಗೆಯದಿದ್ದರೆ ಕಾಗದ ಕ್ಷಣದಲ್ಲಿ ಮುಚ್ಚಿಹೋಗುತ್ತದೆ. ಮೊಳೆಯ ತಲೆಗಳನ್ನು ಒಳಕ್ಕೆ ಹೊಡೆದುಕೊಳ್ಳುವುದೂ ಆಗಲೇ ಆಗಬೇಕು.

ಉಕ್ಕಿನ ಒಡಲು

ಉಕ್ಕಿನ ವಿಷಯದಲ್ಲಿ ಲೆಕ್ಕವೇ ಬೇರೆ. ಇಲ್ಲಿ ಗುರಿ ನಯವಲ್ಲ, ತುಕ್ಕಿನ ನಿರ್ಮೂಲನ. ಐಎಸ್‌ಒ 8501-1 ಎಂಬ ಅಂತರರಾಷ್ಟ್ರೀಯ ಮಾನಕ, ಒತ್ತಡದ ಗಾಳಿಯಿಂದ ಕಾಳು ಸಿಡಿಸಿ ಶುಚಿ ಮಾಡಿದ ಮೈಗಳಿಗೆ ಎಸ್‌ಎ ಎಂದೂ, ಕೈ ಮತ್ತು ಯಂತ್ರದಿಂದ ಶುಚಿ ಮಾಡಿದ ಮೈಗಳಿಗೆ ಎಸ್‌ಟಿ ಎಂದೂ ದರ್ಜೆ ಕೊಡುತ್ತದೆ. ಗ್ರೈಂಡರ್ ಮತ್ತು ತಂತಿ ಬ್ರಷ್ಷಿನಿಂದ ಎಷ್ಟೇ ದುಡಿದರೂ ಮುಟ್ಟಬಹುದಾದ ಮೇಲ್ಮಿತಿ ಎಸ್‌ಟಿ 3. ಕಡಲ ಬಣ್ಣಗಳ ತಯಾರಕರು ಸಾಮಾನ್ಯವಾಗಿ ಕೇಳುವ ಎಸ್‌ಎ 2½ ದರ್ಜೆಗೆ ಕಾಳು ಸಿಡಿಸುವ ಯಂತ್ರವೇ ಬೇಕು. ಅದು ಹಡಗುಕಟ್ಟೆಗಳ ವ್ಯವಸ್ಥೆ. ಮಲ್ಪೆಯಲ್ಲಿ ಹಿಂದಿನ ಟೆಬ್ಮಾ ಹಡಗುಕಟ್ಟೆಯನ್ನು ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ಕೊಂಡ ಮೇಲೆ ಅದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನಿಂದ ನಡೆಯುತ್ತಿದೆ. ಸಣ್ಣ ಉಕ್ಕಿನ ಬೋಟಿನ ಮಾಲೀಕರಿಗೆ ಗ್ರೈಂಡರ್ ಮತ್ತು ಗಟ್ಟಿ ಪದರ ಉದುರಿಸುವ ಸೂಜಿಯಂತ್ರವೇ ಗತಿ. ಮರಳನ್ನೇ ಸಿಡಿಸುವ ಅಗ್ಗದ ಉಪಾಯ ಕೆಲಸಗಾರರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಎಂಬ ಗುಣವಾಗದ ಕಾಯಿಲೆಯನ್ನು ತರುವುದರಿಂದ ಅದನ್ನು ಯಾವ ನೆವದಿಂದಲೂ ಸಮರ್ಥಿಸಲಾಗದು.

ವಿದ್ಯುತ್ತು, ಗಾಳಿ, ಬ್ಯಾಟರಿ

ದೋಣಿ ಇರುವುದು ನೀರಿನ ಪಕ್ಕದಲ್ಲಿ. 230 ವೋಲ್ಟಿನ ಯಂತ್ರ, ಒದ್ದೆ ನೆಲ, ಬೆವರಿದ ಕೈ ಒಂದೆಡೆ ಸೇರಿದರೆ ಅಪಾಯಕ್ಕೆ ಬೇರೆ ಕಾರಣ ಬೇಡ. 30 ಮಿಲಿ ಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಸುರಕ್ಷಾ ಸ್ವಿಚ್ ಇಲ್ಲದ ಜಾಗದಲ್ಲಿ ವಿದ್ಯುತ್ ಸ್ಯಾಂಡರ್ ಬಳಸಬಾರದು. ನೀರು ಹಾಕಿ ಉಜ್ಜುವ ಕೆಲಸಕ್ಕಂತೂ ಎಂದಿಗೂ ಕೂಡದು. ಉದ್ದದ ತಂತಿಯ ದಪ್ಪವನ್ನೂ ನೋಡಬೇಕು. 1 ಚದರ ಮಿ.ಮೀ. ತಾಮ್ರದ ತಂತಿಯನ್ನು 50 ಮೀಟರ್ ಎಳೆದರೆ ಹೋಗಿಬರುವ ದಾರಿಯ ರೋಧ ಸುಮಾರು 1.8 ಓಮ್. 2,000 ವ್ಯಾಟಿನ ದೊಡ್ಡ ಗ್ರೈಂಡರ್ ಎಳೆಯುವ 9 ಆಂಪಿಯರಿಗೆ ಅದರಲ್ಲಿ 16 ವೋಲ್ಟ್ ಸೋರಿಹೋಗುತ್ತದೆ, ಹಳ್ಳಿಯ ಲೈನಿನಲ್ಲಿ ಮೊದಲೇ ಕಡಿಮೆಯಿರುವ ವೋಲ್ಟೇಜ್ ಇನ್ನೂ ಕುಸಿದು ಮೋಟರ್ ಬಿಸಿಯಾಗುತ್ತದೆ. 300 ವ್ಯಾಟಿನ ಸ್ಯಾಂಡರಿಗೆ ಇದೇ ತಂತಿಯಲ್ಲಿ ಆಗುವ ನಷ್ಟ ಎರಡೂವರೆ ವೋಲ್ಟನ್ನೂ ಮುಟ್ಟುವುದಿಲ್ಲ.

ಒತ್ತಡದ ಗಾಳಿಯಿಂದ ನಡೆಯುವ ಸ್ಯಾಂಡರ್ ಹಗುರ, ವಿದ್ಯುದಾಘಾತದ ಭಯವಿಲ್ಲ, ಕರಾವಳಿಯ ಉಪ್ಪುಗಾಳಿಗೂ ಜಗ್ಗುವುದಿಲ್ಲ. ಆದರೆ 150 ಮಿ.ಮೀ. ಯಂತ್ರಕ್ಕೆ ನಿಮಿಷಕ್ಕೆ 350ರಿಂದ 450 ಲೀಟರ್ ಗಾಳಿ ನಿರಂತರವಾಗಿ ಬೇಕಿದ್ದು, 5 ಅಶ್ವಶಕ್ತಿಯ ಆಸುಪಾಸಿನ ಕಂಪ್ರೆಸರ್ ಇಲ್ಲದೆ ಅದು ನಡೆಯದು. ನಿತ್ಯ ಕೆಲಸವಿರುವ ಬೋಟು ಕಟ್ಟುವ ಅಂಗಳಕ್ಕೆ ಇದು ಸರಿ. ವರ್ಷಕ್ಕೊಮ್ಮೆ ನಾಲ್ಕು ಹರಿಗೋಲು ಉಜ್ಜುವವರಿಗೆ ದಂಡ. ಲೈನಿಲ್ಲದ ನದಿದಂಡೆಗೆ 18 ವೋಲ್ಟಿನ ಬ್ಯಾಟರಿ ಸ್ಯಾಂಡರ್ ಅನುಕೂಲವೆಂದು ತೋರುತ್ತದೆ, ಆದರೆ 5 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವ ಶಕ್ತಿ 90 ವ್ಯಾಟ್-ಗಂಟೆ ಮಾತ್ರ. ಎಡೆಬಿಡದೆ ನಡೆಸಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಹರಿಗೋಲು ಎತ್ತಿ ಒಯ್ಯಬಲ್ಲ ವಾಹನವಾದ್ದರಿಂದ, ಯಂತ್ರವನ್ನು ಹೊಳೆಗೆ ಒಯ್ಯುವ ಬದಲು ದೋಣಿಯನ್ನೇ ಲೈನಿರುವ ಮನೆಯಂಗಳಕ್ಕೆ ತರುವುದು ಇದಕ್ಕಿಂತ ಸುಲಭದ ದಾರಿ.

ಧೂಳು ಮತ್ತು ನಡುಕ

ಫೈಬರಿನ ಧೂಳು ಚರ್ಮಕ್ಕೆ ಚುಚ್ಚಿ ತುರಿಸುತ್ತದೆ, ಶ್ವಾಸಕೋಶಕ್ಕೆ ಇಳಿಯುತ್ತದೆ; ವಿಷಬಣ್ಣದ ಧೂಳಿನಲ್ಲಿ ತಾಮ್ರವಿದೆ; ಹಳೆಯ ಬೋಟುಗಳ ಕೆಂಪು ಪ್ರೈಮರಿನಲ್ಲಿ ಸೀಸವಿರಬಹುದು. ಹಡಗುಗಳ ತಳಕ್ಕೆ ಬಳಿಯುತ್ತಿದ್ದ ತವರದ ಸಂಯುಕ್ತಗಳು ಕಡಲಜೀವಿಗಳಿಗೆ ಎಷ್ಟು ಘಾತಕವೆಂದು ಗೊತ್ತಾದ ಮೇಲೆ 2001ರ ಅಂತರರಾಷ್ಟ್ರೀಯ ಒಪ್ಪಂದ ಅವುಗಳನ್ನು ನಿಷೇಧಿಸಿತು, ಒಪ್ಪಂದ 2008ರಲ್ಲಿ ಜಾರಿಗೆ ಬಂದಿತು. ಧೂಳಿನ ಈ ಅಪಾಯಗಳಿಂದಾಗಿ ಸ್ಯಾಂಡರ್ ಕೊಳ್ಳುವಾಗ ಧೂಳು ಹೀರುವ ಕೊಳವೆಗೆ ಜೋಡಣೆಯಿದೆಯೇ, ಪ್ಯಾಡಿನಲ್ಲಿ ತೂತುಗಳಿವೆಯೇ, ಆ ತೂತುಗಳಿಗೆ ಹೊಂದುವ ಕಾಗದ ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ ಎಂದು ನೋಡಬೇಕು. ಗಾಣಗಾಪುರದವರಿಗೆ ಹತ್ತಿರದ ದೊಡ್ಡ ಪೇಟೆಗಳೆಂದರೆ ಕಲಬುರಗಿ ಮತ್ತು ಸೊಲ್ಲಾಪುರ. ಧೂಳು ಹೀರಿಕೊಳ್ಳುವ ಯಂತ್ರ ಜೊತೆಗಿದ್ದರೆ ಕಾಗದವೂ ಹೆಚ್ಚು ಕಾಲ ಬಾಳುತ್ತದೆ. ಯಂತ್ರದ ಹಿಂದೆ ನೇತಾಡುವ ಬಟ್ಟೆಚೀಲ ಸಣ್ಣ ಕಣವನ್ನು ತಡೆಯುವುದಿಲ್ಲ. ಮುಖಕ್ಕೆ ಕಟ್ಟಿದ ಟವೆಲ್ಲೂ ತಡೆಯುವುದಿಲ್ಲ; ಐಎಸ್ 9473 ಮಾನಕದ ಎಫ್‌ಎಫ್‌ಪಿ2 ದರ್ಜೆಯ ಮುಖಗವಸು ಕನಿಷ್ಠ ಅಗತ್ಯ, ಸೀಸದ ಶಂಕೆಯಿದ್ದಲ್ಲಿ ಅದಕ್ಕೂ ಮೇಲಿನದು. ಉದುರಿದ ಧೂಳು ಹೊಳೆಗೆ ಸೇರದಂತೆ ಕೆಳಗೆ ಟಾರ್ಪಾಲು ಹಾಸಿ ಗುಡಿಸಿ ತೆಗೆಯಬೇಕು. ಜನ ಸ್ನಾನಕ್ಕಿಳಿಯುವ ಸಂಗಮದ ದಡದಲ್ಲಿ ಫೈಬರ್ ಉಜ್ಜುವುದನ್ನು ಪೂರ್ತಿಯಾಗಿ ಬಿಡುವುದೇ ಸರಿ.

ನಡುಕದ ಕಡೆಗೆ ನಮ್ಮಲ್ಲಿ ಗಮನ ಕಡಿಮೆ. ವರ್ಷಗಟ್ಟಲೆ ನಡುಗುವ ಯಂತ್ರ ಹಿಡಿದವರ ಬೆರಳುಗಳು ಬಿಳಿಚಿಕೊಂಡು ಸ್ಪರ್ಶ ಕಳೆದುಕೊಳ್ಳುತ್ತವೆ. ಐರೋಪ್ಯ ಒಕ್ಕೂಟದ 2002ರ ನಿರ್ದೇಶನ ಎಂಟು ಗಂಟೆಯ ದುಡಿಮೆಗೆ 2.5 ಮೀಟರ್ ಪ್ರತಿ ಸೆಕೆಂಡ್ ವರ್ಗ ಎಂಬ ನಡುಕವನ್ನು ಎಚ್ಚರಿಕೆಯ ಮಟ್ಟವೆಂದೂ 5ನ್ನು ಮೇಲ್ಮಿತಿಯೆಂದೂ ಗೊತ್ತುಮಾಡಿದೆ. ಯಂತ್ರದ ನಡುಕ 5 ಇದ್ದರೆ ಎರಡೇ ಗಂಟೆಯಲ್ಲಿ ಎಚ್ಚರಿಕೆಯ ಮಟ್ಟ ಬಂದುಬಿಡುತ್ತದೆ. ಈ ಅಂಕಿ ಯಂತ್ರದ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ; ಹೆಸರಿಲ್ಲದ ಅಗ್ಗದ ಯಂತ್ರಗಳ ಪೆಟ್ಟಿಗೆಯಲ್ಲಿ ಅದನ್ನು ನಿರೀಕ್ಷಿಸಲಾಗದು.

ಖರೀದಿ

ಭೀಮಾ ದಂಡೆಯ ಒಂದು ಮೀನುಗಾರರ ಸಹಕಾರ ಸಂಘ ತನ್ನ ಸದಸ್ಯರ ಹರಿಗೋಲುಗಳಿಗಾಗಿ ಒಂದೇ ಯಂತ್ರ ಕೊಳ್ಳುವುದಾದರೆ, ಅದು 150 ಮಿ.ಮೀ. ಪ್ಯಾಡ್, 5 ಮಿ.ಮೀ. ಕಕ್ಷೆ, ವೇಗ ಹೊಂದಿಸುವ ಗಾಲಿ ಮತ್ತು ಧೂಳು ಹೀರುವ ಜೋಡಣೆ ಇರುವ, ಬಿಡಿಭಾಗಗಳು ಕಲಬುರಗಿಯಲ್ಲಿ ಸಿಗುವ ಸ್ಯಾಂಡರ್ ಆಗಬೇಕು. ಜೊತೆಗೆ ಒಂದು ಸ್ಪಂಜಿನ ಮೆತ್ತೆ, ಸುರಕ್ಷಾ ಸ್ವಿಚ್, ಮುಖಗವಸುಗಳು, ಪಿ80 ಮತ್ತು ಪಿ120ರ ಕಾಗದ. ಒಡೆದ ಜಾಗವನ್ನು ಇಳಿಜಾರು ಮಾಡುವ ಅರ್ಧ ಗಂಟೆಯ ಕೆಲಸಕ್ಕೆ ಗ್ರೈಂಡರನ್ನು ಎರವಲು ತಂದರಾಯಿತು. ಮಲ್ಪೆ, ಮಂಗಳೂರುಗಳ ಅಂಗಳದಲ್ಲಾದರೆ ಗ್ರೈಂಡರ್, ಪಾಲಿಶರ್, ಗಾಳಿಯ ಸ್ಯಾಂಡರ್ ಮೂರೂ ಬೇಕು. ಯಾವ ಕಡೆಯಾದರೂ ಧೂಳು ಹೀರುವ ವ್ಯವಸ್ಥೆ ಮತ್ತು ಮುಖಗವಸಿನ ಖರ್ಚನ್ನು ಯಂತ್ರದ ಬೆಲೆಯ ಭಾಗವೆಂದೇ ಎಣಿಸಿ, ಅದಕ್ಕೆ ಹಣ ಸಾಲದಿದ್ದರೆ ಯಂತ್ರವನ್ನು ಮುಂದಿನ ವರ್ಷಕ್ಕೆ ಬಿಟ್ಟು ಈ ವರ್ಷ ಕೈಯಿಂದಲೇ ನೀರು ಹಾಕಿ ಉಜ್ಜುವುದು ಒಳಿತು.